ನಿಶಾಚಿತ್ರ ಮೀಮಾಂಸೆ, ಅರ್ಥಾತ್ ಅಲುಗಾಡದಿರುವ ಶಾಸ್ತ್ರ

ಉಪೋದ್ಘಾತ

ಶಾಸ್ತ್ರಗ್ರಂಥ ಬರೆಯುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿ ಮುಗಿಸಬೇಕೆಂಬುದು ಹಿಂದಿನವರ ಕಟ್ಟಳೆ. ಹೇಳದಿದ್ದರೆ ಓದುಗ ನಡುವೆ ಎದ್ದು ಹೋಗುತ್ತಾನೆ. ಹೇಳಿದರೆ ಮೊದಲೇ ಎದ್ದು ಹೋಗುತ್ತಾನೆ. ಎರಡನೆಯದರಲ್ಲಿ ಇಬ್ಬರಿಗೂ ಸಮಯ ಉಳಿಯುವುದರಿಂದ ಹೇಳಿಯೇಬಿಡುತ್ತೇನೆ. ವಿಷಯ: ಬೆಳಕು ಸಾಲದ ಹೊತ್ತಿನಲ್ಲಿ, ಬೆಳಕು ಸಾಲದ ಜಾಗದಲ್ಲಿ ಫೋಟೊ ತೆಗೆಯುವುದು. ಪ್ರಯೋಜನ: ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ 24 ಗಂಟೆಗಳ ಅಮರತ್ವ. ಸಂಬಂಧ: ತೆಗೆದವನಿಗೂ ತೆಗೆಸಿಕೊಂಡವರಿಗೂ ಫೋಟೊ ನೋಡುವ ತನಕ ಚೆನ್ನಾಗಿರುವಂಥದು. ಅಧಿಕಾರಿ: ‘ಸ್ಟೋರೇಜ್ ಫುಲ್’ ಎಂಬ ಅಶರೀರವಾಣಿ ಪದೇ ಪದೇ ಕೇಳಿಬಂದರೂ ವೈರಾಗ್ಯ ಹುಟ್ಟದ ಯಾವನೇ ಗೃಹಸ್ಥ.

ಹಗಲು ಫೋಟೊ ತೆಗೆಯುವುದಕ್ಕೆ ಶಾಸ್ತ್ರ ಬೇಕಾಗಿಲ್ಲ. ಬಿಸಿಲಿದ್ದರೆ ಅಪರ್ಚರನ್ನು 16ಕ್ಕೆ ಇಡು, ಐಎಸ್‌ಒ 100 ಇದ್ದರೆ ಶಟರನ್ನು ಸೆಕೆಂಡಿನ ನೂರನೆಯ ಒಂದು ಭಾಗಕ್ಕೆ ಇಡು ಎಂಬಷ್ಟರಲ್ಲಿ ಹಗಲಿನ ವೇದಾಂತವೆಲ್ಲ ಮುಗಿಯಿತು. ಭಿನ್ನಮತಗಳೆಲ್ಲ ಹುಟ್ಟುವುದು ಸೂರ್ಯ ಮುಳುಗಿದ ಮೇಲೆ. ಸದ್ಯ ಫ್ಲ್ಯಾಶ್‌ವಾದಿಗಳು, ಐಎಸ್‌ಒವಾದಿಗಳು, ಅಪರ್ಚರ್‌ವಾದಿಗಳು ಎಂಬ ಮೂರು ಪಂಥದವರು ಮದುವೆ ಛತ್ರಗಳಲ್ಲೂ ಮೈಸೂರಿನ ಅರಮನೆ ಅಂಗಳದಲ್ಲೂ ಮೊಳಕೈ ತಾಗಿಸಿಕೊಂಡು ಓಡಾಡುತ್ತಿದ್ದಾರೆ. ಈ ಮೂವರನ್ನೂ ಖಂಡಿಸಿ, ‘ಕತ್ತಲೆಯಲ್ಲಿ ಫೋಟೊ ಕೆಡುವುದು ಬೆಳಕಿಲ್ಲದ್ದರಿಂದಲ್ಲ, ಯಾರೂ ಒಂದು ಕಡೆ ನಿಲ್ಲದ್ದರಿಂದ’ ಎಂಬ ನಿಶ್ಚಲವಾದವನ್ನು ಸ್ಥಾಪಿಸುವುದು ಈ ಪ್ರಬಂಧದ ಉದ್ದೇಶ. ಖಂಡಿಸುವುದಕ್ಕೆ ಮೂವರು ಸಿಕ್ಕಿದ್ದು ಪುಣ್ಯ. ಇಬ್ಬರೇ ಆಗಿದ್ದರೆ ಇದು ಲೇಖನವಾಗಿ ಉಳಿಯುತ್ತಿತ್ತು.

ಪೂರ್ವಪಕ್ಷ: ಫ್ಲ್ಯಾಶ್‌ವಾದ

ಕ್ಷೇತ್ರಕಾರ್ಯಕ್ಕೆ ಮೈಸೂರು ಅರಮನೆಗಿಂತ ಒಳ್ಳೆಯ ಜಾಗವಿಲ್ಲ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಎದ್ದು 1912ರಲ್ಲಿ ಮುಗಿದ ಈ ಕಟ್ಟಡದ ಮೇಲೆ ಸುಮಾರು ಒಂದು ಲಕ್ಷ ಬಲ್ಬುಗಳಿವೆ. ಭಾನುವಾರ ಸಂಜೆ ಏಳಕ್ಕೆ ಅವೆಲ್ಲ ಒಮ್ಮೆಗೇ ಹತ್ತುತ್ತವೆ. ಹತ್ತಿದ ಕ್ಷಣವೇ ಅಂಗಳದಲ್ಲಿದ್ದವರ ಕೈಗಳೆಲ್ಲ ಮೇಲೇಳುತ್ತವೆ, ‘ಹೋ’ ಎಂಬ ಉದ್ಗಾರದ ಜೊತೆಗೆ ನೂರಾರು ಫ್ಲ್ಯಾಶುಗಳೂ ಹೊಡೆಯುತ್ತವೆ. ಒಂದು ಲಕ್ಷ ಬಲ್ಬಿಗೆ ತನ್ನದೂ ಒಂದಿರಲಿ ಎಂಬ ಔದಾರ್ಯ ಫ್ಲ್ಯಾಶ್‌ವಾದಿಯದು.

ಇಲ್ಲಿ ಭೌತಶಾಸ್ತ್ರದ ಒಂದು ತಕರಾರಿದೆ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಎರಡು ಮೀಟರ್ ಮುಂದೆ ನಿಂತವರ ತಲೆಗೆ ಎಷ್ಟು ಬೆಳಕು ಬೀಳುತ್ತದೋ, ನೂರು ಮೀಟರ್ ಆಚೆಯ ಗೋಡೆಗೆ ಬೀಳುವುದು ಅದರ 2500ರಲ್ಲಿ ಒಂದು ಪಾಲು. ಫಲಿತಾಂಶವಾಗಿ ಫೋಟೊದಲ್ಲಿ ಅರಮನೆ ಮಂಕಾಗಿಯೂ ಮುಂದಿನ ಸಾಲಿನ ಅಪರಿಚಿತ ಯಜಮಾನರ ನೆತ್ತಿ ಅತ್ಯಂತ ಪ್ರಕಾಶಮಾನವಾಗಿಯೂ ಮೂಡುತ್ತವೆ. ಮೈಸೂರಿನ ಪ್ರವಾಸಿ ಛಾಯಾಚಿತ್ರ ಪರಂಪರೆಯನ್ನು ಮುಂದೆ ಯಾರಾದರೂ ಅಧ್ಯಯನ ಮಾಡಿ, ಇಪ್ಪತ್ತೊಂದನೆಯ ಶತಮಾನದ ಕನ್ನಡಿಗರು ನೆತ್ತಿಯನ್ನು ಪೂಜಿಸುತ್ತಿದ್ದರು ಎಂಬ ತೀರ್ಮಾನಕ್ಕೆ ಬಂದರೆ ತಪ್ಪಿಲ್ಲ.

ಫ್ಲ್ಯಾಶ್‌ವಾದಿಗಳ ಪರವಾಗಿ ಒಂದು ಬಲವಾದ ಪ್ರಮಾಣವಿದೆ, ಮುಚ್ಚಿಡುವುದು ನ್ಯಾಯವಲ್ಲ. 1920ರ ದಶಕದಲ್ಲಿ ಉತ್ತರ ಭಾರತದ ಕಾಡುಗಳಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ ಹುಲಿ ನಡೆಯುವ ಹಾದಿಗೆ ಅಡ್ಡ ತಂತಿ ಕಟ್ಟಿ, ತಂತಿ ಜಗ್ಗಿದ ಕೂಡಲೇ ಫ್ಲ್ಯಾಶ್ ಹೊಡೆದು ಕ್ಯಾಮೆರಾ ತೆರೆದುಕೊಳ್ಳುವ ಏರ್ಪಾಡು ಮಾಡಿದ್ದರು. ಆ ಚಿತ್ರಗಳು 1927ರಲ್ಲಿ ಪುಸ್ತಕವಾಗಿ ಬಂದವು. ಅಂದರೆ ಕಾಲಿಟ್ಟದ್ದು ಹುಲಿ, ಕ್ಲಿಕ್ಕಿಸಿದ್ದು ಹುಲಿ, ಚಿತ್ರದಲ್ಲಿರುವುದೂ ಹುಲಿ. ಸೆಲ್ಫಿಯ ಆದ್ಯಪ್ರವರ್ತಕರು ಯಾರು ಎಂಬ ಪ್ರಶ್ನೆಯನ್ನು ನಾನು ಇಲ್ಲಿಗೆ ಇತ್ಯರ್ಥಪಡಿಸಿದ್ದೇನೆ. ಆದರೆ ಆ ಹುಲಿ ಕೆಲವೇ ಅಡಿಗಳ ಅಂತರದಲ್ಲಿತ್ತು, ಎದುರಿಗೆ ನೆತ್ತಿಗಳಿರಲಿಲ್ಲ ಎಂಬುದನ್ನು ಮರೆಯಬಾರದು.

ಫ್ಲ್ಯಾಶಿನ ನಿಜವಾದ ಪಾಪ ನೋಡಬೇಕಾದರೆ ಯಕ್ಷಗಾನದ ರಂಗಸ್ಥಳಕ್ಕೆ ಬರಬೇಕು. ಬಣ್ಣದ ವೇಷದವರು ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಗಂಟೆಗಟ್ಟಲೆ ಕೂತು, ಅಕ್ಕಿಹಿಟ್ಟು ಸುಣ್ಣ ಕಲಸಿದ ಚಿಟ್ಟಿಯನ್ನು ಮುಖದ ಮೇಲೆ ಮುಳ್ಳುಮುಳ್ಳಾಗಿ ಇಟ್ಟುಕೊಂಡಿರುತ್ತಾರೆ. ಬೆಳಕು ಪಕ್ಕದಿಂದ ಬಿದ್ದಾಗ ಒಂದೊಂದು ಮುಳ್ಳಿಗೂ ಒಂದೊಂದು ನೆರಳು. ರಾಕ್ಷಸನನ್ನು ರಾಕ್ಷಸನನ್ನಾಗಿ ಮಾಡುವುದು ಆ ನೆರಳುಗಳೇ. ವೇಷ ಅಬ್ಬರಿಸಿ ಬರುವಾಗ ದೀವಟಿಗೆಗೆ ರಾಳದ ಪುಡಿ ಎರಚುತ್ತಾರಲ್ಲ, ಆ ಭಗ್ಗೆಂದ ಬೆಂಕಿ ಇರುವುದೂ ಅದಕ್ಕೇ. ಮುಂದಿನ ಸಾಲಿನಿಂದ ಫ್ಲ್ಯಾಶ್ ಹೊಡೆದರೆ ಬೆಳಕು ನೇರ ಎದುರಿನಿಂದ ಹೋಗಿ, ಅಷ್ಟೂ ನೆರಳನ್ನು ಒಂದೇ ಏಟಿಗೆ ಕೊಂದು, ಮಹಿಷಾಸುರನನ್ನು ಮುಖಕ್ಕೆ ಹಿಟ್ಟು ಮೆತ್ತಿಕೊಂಡ ಸಜ್ಜನನನ್ನಾಗಿ ಮಾಡುತ್ತದೆ. ದೇವಿಗೂ ಇಷ್ಟು ಸಲೀಸಾಗಿ ಅವನನ್ನು ಮುಗಿಸಲು ಆಗಿರಲಿಲ್ಲ.

ಎರಡನೆಯ ಪಕ್ಷ: ಐಎಸ್‌ಒವಾದ

ಇವರು ಸೌಮ್ಯರು. ಬೆಳಕು ಕಡಿಮೆಯಿದ್ದರೆ ಐಎಸ್‌ಒ ಏರಿಸು ಎನ್ನುತ್ತಾರೆ. 6400 ಸಾಲದೆ? 12800. ಅದೂ ಸಾಲದೆ? ಹೊಸ ಕ್ಯಾಮೆರಾ ತಗೊ. ಇವರ ಅಜ್ಜಂದಿರು ಇದನ್ನೇ ಎಎಸ್‌ಎ ಎನ್ನುತ್ತಿದ್ದರು, ಅವರಿಗೆ 400ರ ಫಿಲ್ಮ್ ರೋಲ್ ಸಿಕ್ಕಿದರೆ ಹಬ್ಬ.

ಡಿಜಿಟಲ್ ಕ್ಯಾಮೆರಾದಲ್ಲಿ ಐಎಸ್‌ಒ ಏರಿಸಿದರೆ ಒಳಗೆ ಹೆಚ್ಚು ಬೆಳಕೇನೂ ಬರುವುದಿಲ್ಲ, ಬಂದಷ್ಟನ್ನೇ ಹಿಗ್ಗಿಸಿ ತೋರಿಸುತ್ತದೆ. ಹಾಡುವವರು ಪಿಸುಗುಟ್ಟುತ್ತಿರುವಾಗ ಮೈಕಿನ ವಾಲ್ಯೂಮ್ ತಿರುಗಿಸಿದರೆ ಹಾಡಿನ ಜೊತೆಗೆ ಪಕ್ಕದವರ ಕೆಮ್ಮೂ ಫ್ಯಾನಿನ ಕಿರ್ರೂ ಏರುತ್ತವಲ್ಲ, ಹಾಗೆ. ಫೋಟೊದಲ್ಲಿ ಈ ಕೆಮ್ಮಿಗೆ ನಮ್ಮ ಸ್ಟುಡಿಯೊದವರು ‘ರವೆ ರವೆ ಬಂದಿದೆ ಸಾರ್’ ಎನ್ನುತ್ತಾರೆ. ರವೆಯ ಮೂಲ ಎಲ್ಲಿ? ಬೆಳಕು ನೀರಿನಂತೆ ಹರಿಯದೆ ಕಣಕಣವಾಗಿ, ಲೆಕ್ಕವಿಲ್ಲದಂತೆ ಉದುರುವುದರಲ್ಲಿ. ಒಂದು ಚುಕ್ಕೆಗೆ ಸರಾಸರಿ 100 ಕಣ ಬೀಳಬೇಕಾದರೆ ಹತ್ತು ಹೆಚ್ಚು, ಹತ್ತು ಕಡಿಮೆ ಆಗುವುದು ಸಹಜ: ನೂರಕ್ಕೆ ಹತ್ತರ ಏರುಪೇರು. 10,000 ಕಣ ಬಿದ್ದರೆ ಏರುಪೇರು ನೂರು, ಅಂದರೆ ನೂರಕ್ಕೆ ಒಂದು ಮಾತ್ರ. ಆದ್ದರಿಂದ ರವೆಗೆ ಐಎಸ್‌ಒವನ್ನು ಬೈಯುವುದು ಅನ್ಯಾಯ. ಬಡತನ ಬೆಳಕಿನದು, ಐಎಸ್‌ಒ ಅದನ್ನು ಬೀದಿಗೆ ತಂದಿತು ಅಷ್ಟೆ. ಅಲುಗಾಡಿದ ಚಿತ್ರಕ್ಕಿಂತ ರವೆಯ ಚಿತ್ರ ಎಷ್ಟೋ ವಾಸಿ ಎಂಬಲ್ಲಿ ನಾನು ಈ ಪಕ್ಷದವರ ಜೊತೆಗೇ ಇದ್ದೇನೆ. ಸಂಪೂರ್ಣ ಖಂಡಿಸಲು ಆಗದ್ದರಿಂದ ಈ ಅಧ್ಯಾಯವನ್ನು ಇಲ್ಲಿಗೆ ಮುಗಿಸುತ್ತೇನೆ.

ಮೂರನೆಯ ಪಕ್ಷ: ಅಪರ್ಚರ್‌ವಾದ

ಇದು ಹಣವಂತರ ಮತ. ಸಂಖ್ಯೆ ಇಳಿದಷ್ಟೂ ಲೆನ್ಸಿನ ಬಾಯಿ ಅಗಲವಾಗಿ ಬೆಲೆ ಏರುವ ಏಕೈಕ ದರ್ಶನವಿದು. ಕ್ಯಾಮೆರಾ ಜೊತೆ ಪುಕ್ಕಟೆ ಬಂದ ಜೂಮ್ ಲೆನ್ಸನ್ನು ಪೂರ್ತಿ ಎಳೆದರೆ 5.6, ಬೇರೆ ಕೊಂಡ 50 ಎಂಎಂ ಲೆನ್ಸಿನಲ್ಲಿ 1.8. ಈ ಎರಡರ ನಡುವೆ ಬೆಳಕಿನಲ್ಲಿ ಹತ್ತಿರ ಹತ್ತಿರ ಹತ್ತು ಪಟ್ಟು ವ್ಯತ್ಯಾಸ. 50 ಎಂಎಂ 1.8 ಅಂಥ ದುಬಾರಿಯೂ ಅಲ್ಲ, ರಾತ್ರಿ ಫೋಟೊದ ಗೀಳಿರುವವರು ಮೊದಲು ಕೊಳ್ಳಬೇಕಾದ್ದು ಅದನ್ನೇ. ಅಲ್ಲಿಗೇ ನಿಲ್ಲುವವರು ವಿವೇಕಿಗಳು. ನಿಲ್ಲದವರು 1.4ಕ್ಕೆ, 1.2ಕ್ಕೆ ಹೋಗಿ ಮನೆಯಲ್ಲಿ ಸುಳ್ಳು ಬೆಲೆ ಹೇಳುವ ಸ್ಥಿತಿ ತಲುಪುತ್ತಾರೆ.

ಈ ಪಂಥದ ಪರಮಪದ 0.7. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಕೆಲಸಕ್ಕೆಂದು ಝೈಸ್ ಕಂಪನಿ ಅಂಥ ಹತ್ತು ಲೆನ್ಸು ಮಾಡಿತು, ಅವುಗಳಲ್ಲಿ ಮೂರನ್ನು ಸಿನಿಮಾ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಕೊಂಡರು. 1975ರ ‘ಬ್ಯಾರಿ ಲಿಂಡನ್’ ಚಿತ್ರದಲ್ಲಿ ಬರೀ ಮೇಣದ ಬತ್ತಿಯ ಬೆಳಕಿನಲ್ಲಿ ತೆಗೆದ ದೃಶ್ಯಗಳಿವೆ, ಅವು ಆ ಲೆನ್ಸಿನವು. ಅಪರ್ಚರ್‌ವಾದಿ ಈ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾನೆ. ಉತ್ತರಾರ್ಧ ಹೀಗಿದೆ: ಅಷ್ಟು ಬಾಯ್ದೆರೆದ ಲೆನ್ಸಿನಲ್ಲಿ ಫೋಕಸ್ಸಿನೊಳಗೆ ಉಳಿಯುವ ಆಳ ಎಷ್ಟು ತೆಳುವೆಂದರೆ ನಟರು ಕೂತಲ್ಲಿ ಹಿಂದೆ ಮುಂದೆ ಸರಿಯುವಂತಿರಲಿಲ್ಲ. ನಿಮ್ಮ ಮನೆಯ ಆರತಕ್ಷತೆಯಲ್ಲಿ 1.8ರಲ್ಲಿ ತೆಗೆದರೂ ಮದುಮಗಳ ಮೂಗುಬೊಟ್ಟು ಫಳಫಳ, ಓಲೆ ಮಂಜುಮಂಜು. ಲೆನ್ಸು ಎಷ್ಟೇ ಬೆಳಕು ತರಲಿ, ಕೊನೆಗೆ ‘ಅಲುಗಾಡಬೇಡಿ’ ಎಂದು ಹೇಳಲೇಬೇಕಾಯಿತು. ಪೂರ್ವಪಕ್ಷದವರ ಬಾಯಿಂದಲೇ ಸಿದ್ಧಾಂತ ಹೊರಟಿತು.

ಸಿದ್ಧಾಂತ: ನಿಶ್ಚಲವಾದ

ಇತಿಹಾಸ ನಮ್ಮ ಪಕ್ಷಕ್ಕೇ ಇದೆ. 1838ರಲ್ಲಿ ಛಾಯಾಚಿತ್ರಣದ ಆದ್ಯರಲ್ಲೊಬ್ಬನಾದ ದಗೇರ್ ಪ್ಯಾರಿಸ್ಸಿನ ಗಿಜಿಗುಡುವ ರಸ್ತೆಯೊಂದರ ಚಿತ್ರ ತೆಗೆದ. ಮಿನಿಟುಗಟ್ಟಲೆ ತೆರೆದಿಟ್ಟ ಕ್ಯಾಮೆರಾದಲ್ಲಿ ಓಡಾಡಿದ ಗಾಡಿಗಳೂ ಜನಗಳೂ ಮಾಯವಾಗಿ, ಉಳಿದದ್ದು ಒಂದೆಡೆ ನಿಂತು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಿದ್ದ ಒಬ್ಬನ ಆಕೃತಿ, ಜೊತೆಗೆ ಪಾಲಿಶ್ ಮಾಡುತ್ತಿದ್ದವನದು. ಅವಸರದಲ್ಲಿದ್ದ ಪ್ಯಾರಿಸ್ ಪೂರಾ ಇತಿಹಾಸದಿಂದ ಬಿದ್ದುಹೋಯಿತು, ಬೂಟಿನ ಮೇಲೆ ಆಸ್ಥೆಯಿದ್ದವನು ಉಳಿದುಕೊಂಡ. 1861ರಲ್ಲಿ ಛಾಯಾಗ್ರಾಹಕ ನಾದಾರ್ ಅದೇ ಊರಿನ ನೆಲದಡಿಯ ಅಸ್ಥಿಸುರಂಗಗಳಿಗೆ ಇಳಿದು ಕೃತಕ ಬೆಳಕಿನಲ್ಲಿ ಚಿತ್ರ ತೆಗೆದಾಗ ಒಂದೊಂದಕ್ಕೆ 18 ಮಿನಿಟಿನವರೆಗೆ ಬೇಕಾಗುತ್ತಿತ್ತು. ಅಷ್ಟು ಹೊತ್ತು ಮಿಸುಕದ ಕೆಲಸಗಾರ ಸಿಗಲಾರನೆಂದು ಬೊಂಬೆಗಳಿಗೆ ಬಟ್ಟೆ ತೊಡಿಸಿ ನಿಲ್ಲಿಸಿದ. ನಮ್ಮಲ್ಲಿ ಆ ಕೆಲಸವನ್ನು ಮದುಮಗ ಮಾಡುತ್ತಾನೆ.

1932ರ ಕೊನೆಗೆ ಪ್ಯಾರಿಸ್ಸಿನ ರಾತ್ರಿಗಳದೇ ಒಂದು ಪುಸ್ತಕ ತಂದ ಛಾಯಾಗ್ರಾಹಕ ಬ್ರಸಾಯ್‌ನದು ಇನ್ನೂ ಮೋಜಿನ ಪದ್ಧತಿ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಶಟರ್ ತೆರೆದು, ಸಿಗರೇಟು ಹಚ್ಚುವುದು. ಸಿಗರೇಟು ಮುಗಿದಾಗ ಎಕ್ಸ್‌ಪೋಷರೂ ಮುಗಿಯಿತು. ಕತ್ತಲೆ ಹೆಚ್ಚಿದ್ದರೆ ದಪ್ಪ ಸಿಗರೇಟಿನ ಬೇರೆ ಬ್ರ್ಯಾಂಡು. ಇದನ್ನು ಕರ್ನಾಟಕಕ್ಕೆ ಅನ್ವಯಿಸಬಹುದೇ ಎಂಬ ಪ್ರಶ್ನೆ ವಿದ್ವಾಂಸರನ್ನು ಕಾಡಬೇಕಾಗಿತ್ತು, ಏಕೋ ಕಾಡಿಲ್ಲ. ನನ್ನ ಅಭಿಪ್ರಾಯದಲ್ಲಿ ಸಾಧ್ಯವಿಲ್ಲ: ಬೀಡಿ ನಡುವೆ ನಡುವೆ ಆರುತ್ತದೆ, ಬೆಂಕಿಪೊಟ್ಟಣ ಕೇಳಲು ಹೋದವನು ಸುದ್ದಿ ಮುಗಿಸಿ ಬರುವಷ್ಟರಲ್ಲಿ ಬೆಳಗಾಗಿರುತ್ತದೆ. ಸಾರಾಂಶವಿಷ್ಟು. ಕ್ಯಾಮೆರಾ ಅಲುಗಾಡದಿದ್ದರೆ ಬೆಳಕನ್ನು ಸಾಲ ತರಬೇಕಾಗಿಲ್ಲ, ಹನಿಹನಿಯಾಗಿ ಕೂಡಿಸಬಹುದು.

ಕ್ಯಾಮೆರಾ ನಿಂತಿತು, ಎದುರಿನ ಆಸಾಮಿ ನಿಲ್ಲಬೇಡವೇ? ಆಕ್ಷೇಪ ಸರಿಯಾಗಿದೆ. ಉತ್ತರವಾಗಿ ಮತ್ತೆ ರಂಗಸ್ಥಳಕ್ಕೆ ಹೋಗೋಣ. ಕುಣಿಯುವ ವೇಷ ಸದಾ ಕುಣಿಯುತ್ತಲೇ ಇರುವುದಿಲ್ಲ. ಚಂಡೆ ಮುಕ್ತಾಯಕ್ಕೆ ಬಂದು ಕೊನೆಯ ಪೆಟ್ಟು ಬಿದ್ದಾಗ ವೇಷಧಾರಿ ಕಾಲೂರಿ, ಕೈ ಚಾಚಿ, ಕಣ್ಣರಳಿಸಿ ಒಂದು ಗಳಿಗೆ ಕಲ್ಲಾಗುತ್ತಾರೆ. ಆ ಗಳಿಗೆಗೆ ಸೆಕೆಂಡಿನ ಅರವತ್ತನೆಯ ಒಂದು ಭಾಗವೇ ಧಾರಾಳ. ಹಾರಿದಾಗಲೂ ಅಷ್ಟೆ, ಏರಿಕೆ ಮುಗಿದು ಇಳಿಕೆ ಶುರುವಾಗುವ ತುದಿಯಲ್ಲಿ ವೇಗ ಸೊನ್ನೆ. ತಾಳ ಗೊತ್ತಿದ್ದವನಿಗೆ ಪೆಟ್ಟು ಬೀಳುವುದು ಮೊದಲೇ ಗೊತ್ತಿರುತ್ತದೆ, ಬೆರಳು ಕಾಯುತ್ತಿರುತ್ತದೆ. ಮೂರು ಲಕ್ಷದ ಕ್ಯಾಮೆರಾ ಹಿಡಿದವನಿಗೆ ದಕ್ಕದ ಚಿತ್ರ ಊರಿನ ಹುಡುಗನೊಬ್ಬನ ಹಳೆಯ ಫೋನಿನಲ್ಲಿ ಇರುವುದು ಇದೇ ಕಾರಣಕ್ಕೆ, ಅವನು ಚಿಕ್ಕಂದಿನಿಂದ ಆಟ ನೋಡಿದವನು. ಒಂದು ಉಪನಿಯಮ: ಸ್ಟೇಜಿನ ಅಗ್ಗದ ಎಲ್‌ಇಡಿ ದೀಪಗಳಲ್ಲಿ ಹಲವು ನಮ್ಮ 50 ಹರ್ಟ್ಸ್ ಕರೆಂಟಿಗೆ ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಚಿತ್ರದಲ್ಲಿ ಅಡ್ಡಪಟ್ಟೆ ಬರುತ್ತಿದ್ದರೆ ಶಟರನ್ನು ಐವತ್ತನೆಯ ಅಥವಾ ನೂರನೆಯ ಒಂದು ಭಾಗಕ್ಕೆ ಇಳಿಸಿ ನೋಡಬೇಕು.

ಅಪವಾದವೂ ಉಂಟು. ದಸರೆಯ ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಪಂಜು ನಿಂತರೆ ಸ್ವಾರಸ್ಯವಿಲ್ಲ. ಕ್ಯಾಮೆರಾ ಕದಲದೆ ಕೂತು ಕೆಲವು ಸೆಕೆಂಡು ಕಣ್ಣು ಬಿಟ್ಟಿದ್ದರೆ ಬೆಂಕಿ ತಾನೇ ಗೆರೆ ಎಳೆಯುತ್ತದೆ.

ಆಧಾರ ಪ್ರಕರಣ

ಕ್ಯಾಮೆರಾವನ್ನು ಯಾವುದರ ಮೇಲೆ ನಿಲ್ಲಿಸಬೇಕು? ಟ್ರೈಪಾಡ್ ಎಂಬುದು ಸುಲಭದ ಉತ್ತರ, ಆದ್ದರಿಂದಲೇ ಕಷ್ಟದ್ದು. ಹಂಪಿಯಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಅನುಮತಿ ಬೇಕು. ಉಳಿದ ಕಡೆ ಅನುಮತಿ ಬೇಡದಿದ್ದರೂ ಮೂರು ಕಾಲು ಬಿಚ್ಚಿದ ಕೂಡಲೇ ಸೆಕ್ಯುರಿಟಿಯವರು ಬಂದು ‘ಯಾವ ಸೀರಿಯಲ್ಲು ಸಾರ್, ಹೀರೊಯಿನ್ ಎಲ್ಲಿ?’ ಎನ್ನುತ್ತಾರೆ. ಹೀರೊಯಿನ್ ಇಲ್ಲವೆಂದು ತಿಳಿದ ಮೇಲೆಯೇ ನಿಯಮಗಳು ಜ್ಞಾಪಕಕ್ಕೆ ಬರುವುದು.

ಆದಕಾರಣ ಆಧಾರಗಳನ್ನು ಜಡ, ಚೇತನ ಎಂದು ವಿಂಗಡಿಸಿಕೊಳ್ಳುವುದು ಕ್ಷೇಮ. ಜಡಾಧಾರಗಳಲ್ಲಿ ಕಾಂಪೌಂಡು ಗೋಡೆ, ಜಗಲಿಕಟ್ಟೆ, ದೇವಸ್ಥಾನದ ಕಂಬ ಉತ್ತಮ. ನಿಂತ ಬೈಕಿನ ಸೀಟು ಮಧ್ಯಮ, ಎಂಜಿನ್ ಆಫ್ ಮಾಡಿದ್ದರೆ. ದಸರೆಯಲ್ಲಿ ಪೊಲೀಸರು ಹಾಕುವ ಕಬ್ಬಿಣದ ಬ್ಯಾರಿಕೇಡು ಅಧಮ. ನಿಮ್ಮ ಎಡಕ್ಕೆ ಒಂದು ಸಂಸಾರ, ಬಲಕ್ಕೆ ಒಂದು ಸಂಸಾರ ಒರಗಿಕೊಂಡು ಚುರುಮುರಿ ತಿನ್ನುತ್ತಿರುವಾಗ ಅದು ಕಬ್ಬಿಣವಾಗಿ ಉಳಿದಿರುವುದಿಲ್ಲ. ಎಲ್ಲಕ್ಕಿಂತ ಮೇಲಾದದ್ದು ಒಂದು ಕಿಲೊ ಅಕ್ಕಿಯೋ ಕಾಳೋ ತುಂಬಿದ ಬಟ್ಟೆಚೀಲ. ಚೀಲವನ್ನು ಗೋಡೆಯ ಮೇಲಿಟ್ಟು ಅದರೊಳಕ್ಕೆ ಕ್ಯಾಮೆರಾವನ್ನು ಒತ್ತಿ ಕೂರಿಸಿದರೆ ಭೂಕಂಪವಾಗುವ ತನಕ ಯೋಚನೆಯಿಲ್ಲ. ವನ್ಯಜೀವಿ ಛಾಯಾಗ್ರಾಹಕರು ಜೀಪಿನ ಕಿಟಕಿಯ ಮೇಲೆ ಇಟ್ಟುಕೊಳ್ಳುವುದು ಇಂಥದನ್ನೇ. ಯಾವ ಸೆಕ್ಯುರಿಟಿಯವರೂ ಅಕ್ಕಿಚೀಲವನ್ನು ಶೂಟಿಂಗ್ ಎಂದು ತಿಳಿದದ್ದಿಲ್ಲ.

ಚೇತನಾಧಾರದಲ್ಲಿ ಪ್ರಮುಖವಾದದ್ದು ಭಾವಮೈದುನನ ಹೆಗಲು. ಅದು ಉಸಿರಾಡುತ್ತದೆ, ‘ಆಯ್ತಾ?’ ಎನ್ನುತ್ತದೆ. ವರ್ಜ್ಯ. ಯಾವ ಆಧಾರವೂ ಇಲ್ಲದಿದ್ದರೆ ಮೊಳಕೈಗಳನ್ನು ಪಕ್ಕೆಗೆ ಒತ್ತಿ, ಅರ್ಧ ಉಸಿರು ಬಿಟ್ಟು, ಕುಂಭಕದಲ್ಲಿ ಬಟನ್ ಒತ್ತುವುದು. 50 ಎಂಎಂ ಲೆನ್ಸಿಗೆ ಸೆಕೆಂಡಿನ ಐವತ್ತನೆಯ ಒಂದು ಭಾಗದವರೆಗೆ ಬರಿಗೈ ನಡೆಯುತ್ತದೆ ಎಂಬುದು ಹಳೆಯ ಲೆಕ್ಕ. ಗೋಡೆಯ ಮೇಲಿಟ್ಟ ಫೋನನ್ನು ಬೆರಳಿನಿಂದ ಒತ್ತಿದರೂ ನಡುಗುವುದರಿಂದ ಎರಡು ಸೆಕೆಂಡಿನ ಟೈಮರ್ ಹಾಕಿ ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು. ಕೈ ಹಿಂದಕ್ಕೆ ತೆಗೆದದ್ದನ್ನು ಕಂಡು ಫೋಟೊ ಮುಗಿಯಿತೆಂದು ಎಲ್ಲರೂ ಚದುರಿಬಿಡುವುದು ಈ ಸಿದ್ಧಾಂತದ ಒಂದು ಪರಿಹಾರವಾಗದ ಸಮಸ್ಯೆ.

ಅಧ್ಯಾಸ ಪ್ರಕರಣ, ಅಥವಾ ಫೋನಿನ ಮಾಯಾವಾದ

ಈಗಿನ ಫೋನುಗಳಲ್ಲಿ ನೈಟ್ ಮೋಡ್ ಇರುವಾಗ ನಿಮ್ಮ ಶಾಸ್ತ್ರ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. 2018ರ ಸುಮಾರಿಗೆ ಗೂಗಲ್ಲಿನವರು ಜನಪ್ರಿಯಗೊಳಿಸಿದ ಈ ವಿದ್ಯೆಯ ಗುಟ್ಟು ನಮ್ಮ ಸಿದ್ಧಾಂತವೇ. ಫೋನು ಒಂದರ ಬದಲು ಹಲವು ಚಿತ್ರಗಳನ್ನು ಬೇಗಬೇಗ ತೆಗೆದು, ನಿಮ್ಮ ಕೈನಡುಕವನ್ನು ಲೆಕ್ಕಹಾಕಿ, ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆಯುತ್ತದೆ. ಒಂಬತ್ತು ಚಿತ್ರ ಸೇರಿದರೆ ರವೆ ಮೂರರಲ್ಲಿ ಒಂದಾಗುತ್ತದೆ, ಹದಿನಾರು ಸೇರಿದರೆ ನಾಲ್ಕರಲ್ಲಿ ಒಂದು. ಹಾಗಿದ್ದೂ ಪರದೆಯ ಮೇಲೆ ಅದು ಬೇಡುವುದೇನು? ಅಲುಗಾಡಿಸಬೇಡಿ ಎಂದೇ. ನಡುವೆ ಓಡಿದ ಮಗುವಿಗೆ ಮೂರು ಕೈ ಬಂದರೆ ಅದು ಮಗುವಿನ ಕರ್ಮ.

ನನ್ನ ತಕರಾರು ಬೇರೆ. ಬಹುಪಾಲು ಫೋನುಗಳು ರಾತ್ರಿಯನ್ನು ಹಗಲು ಮಾಡಿ ಕೊಡುತ್ತವೆ. ಗೂಗಲ್ಲಿನ ಎಂಜಿನಿಯರುಗಳಿಗೇ ಈ ಅಳುಕಿತ್ತು. ಮೇಣದ ಬತ್ತಿಯ ಸುತ್ತ ಕತ್ತಲೆ ಉಳಿಸಿಕೊಂಡೇ ಮುಖಗಳನ್ನು ಬೆಳಗಿಸಿದ ಹದಿನೆಂಟನೆಯ ಶತಮಾನದ ಇಂಗ್ಲಿಷ್ ಚಿತ್ರಕಾರ ಜೋಸೆಫ್ ರೈಟ್‌ನ ಕಡೆ ಅವರು ನೋಡಿದ್ದುಂಟು. ಅಷ್ಟು ದೂರ ಏಕೆ, ಮೈಸೂರಿನವರೇ ಆದ ಸಿನಿಮಾ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರನ್ನು ನೋಡಬಹುದು. 1959ರ ಹಿಂದಿ ಚಿತ್ರ ‘ಕಾಗಜ್ ಕೆ ಫೂಲ್’ಗೆ ಅವರು ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಸ್ಟುಡಿಯೊದೊಳಕ್ಕೆ ತಿರುಗಿಸಿ ಬೆಳಕಿನ ಒಂದು ಕೋಲನ್ನು ಇಳಿಸಿದರು. ಬಿಸಿಲು ಬೇಕಾದಷ್ಟಿತ್ತು, ಸ್ಟುಡಿಯೊ ತುಂಬ ಚೆಲ್ಲಬಹುದಿತ್ತು. ಒಂದು ಕೋಲು ಸಾಕೆಂದರು. ಅದರ ಸುತ್ತ ಬಿಟ್ಟ ಕತ್ತಲೆಯಿಂದಾಗಿ ಜನ ಇನ್ನೂ ಆ ದೃಶ್ಯ ನೆನೆಯುತ್ತಾರೆ. ಛಾಯಾಗ್ರಾಹಕರೊಬ್ಬರಿಗೆ ಫಾಲ್ಕೆ ಪ್ರಶಸ್ತಿ ಬಂದದ್ದು ಅವರಿಗೇ ಮೊದಲು.

ಚಂದ್ರನ ವಿಷಯದಲ್ಲಂತೂ ಮಾಯೆ ಮಿತಿಮೀರಿದೆ. ಹುಣ್ಣಿಮೆಯ ಚಂದ್ರನ ಫೋಟೊ ರಾತ್ರಿಯ ಫೋಟೊ ಅಲ್ಲವೇ ಅಲ್ಲ. ಅಲ್ಲಿ ನಡುಹಗಲು, ಬಿಸಿಲಿಗೆ ಬಿದ್ದ ಕಲ್ಲುನೆಲ, ಅದೂ ಬಿದ್ದ ಬೆಳಕಿನ ನೂರಕ್ಕೆ ಹನ್ನೆರಡರಷ್ಟನ್ನು ಮಾತ್ರ ಹಿಂತಿರುಗಿಸುವ, ಟಾರು ರಸ್ತೆಯ ಬಣ್ಣದ ನೆಲ. ಅಪರ್ಚರ್ 11, ಐಎಸ್‌ಒ 100, ಶಟರ್ ನೂರನೆಯ ಒಂದು ಭಾಗ ಇಟ್ಟರೆ ಕಲೆಗಳೆಲ್ಲ ಕಾಣುತ್ತವೆ. ಆದರೆ 50 ಎಂಎಂ ಲೆನ್ಸಿನಲ್ಲಿ ಸೆನ್ಸರಿನ ಮೇಲೆ ಚಂದ್ರ ಬೀಳುವ ಅಗಲ ಅರ್ಧ ಮಿಲಿಮೀಟರೂ ಇಲ್ಲ. ಕವಿಗಳ ಮಾತು ನಂಬಿ ಕ್ಯಾಮೆರಾ ಎತ್ತಿದವರಿಗೆ ಇದೊಂದು ಆಘಾತ. ಈ ಆಘಾತ ತಪ್ಪಿಸಲು ಪ್ರಸಿದ್ಧ ಕಂಪನಿಯೊಂದರ ಫೋನು ಏನು ಮಾಡುತ್ತಿತ್ತೆಂಬುದು 2023ರಲ್ಲಿ ಬಯಲಾಯಿತು. ಒಬ್ಬಾತ ಬೇಕೆಂದೇ ಮಬ್ಬುಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆಯಲ್ಲಿಟ್ಟು, ಕತ್ತಲ ಕೋಣೆಯ ಇನ್ನೊಂದು ತುದಿಯಿಂದ ಫೋಟೊ ತೆಗೆದ. ಪರದೆಯಲ್ಲಿ ಇಲ್ಲದ ಕುಳಿಗಳು ಫೋಟೊದಲ್ಲಿ ಬಂದವು. ಇಲ್ಲದ್ದನ್ನು ಇದ್ದುದರ ಮೇಲೆ ಹೊರಿಸುವುದಕ್ಕೆ ಅದ್ವೈತಿಗಳು ಅಧ್ಯಾಸ ಎನ್ನುತ್ತಾರೆ. ಹಗ್ಗದಲ್ಲಿ ಹಾವು ಕಾಣಲು ಅವರಿಗೆ ಇಎಂಐ ಕಟ್ಟಬೇಕಾಗಿರಲಿಲ್ಲ.

ಮುಹೂರ್ತ ನಿರ್ಣಯ

ಅರಮನೆಗೆ ಎಲ್ಲರೂ ದಸರೆಯಲ್ಲೇ ಹೋಗುತ್ತಾರೆ. ಅಕ್ಟೋಬರಿನಲ್ಲಿ ಮೈಸೂರಿನಲ್ಲಿ ಸೂರ್ಯ ಆರು ದಾಟುತ್ತಿದ್ದಂತೆ ಮುಳುಗುತ್ತಾನೆ, ಏಳಕ್ಕೆ ಆಕಾಶ ಕಾಡಿಗೆ. ಜೂನ್ ತಿಂಗಳಲ್ಲಿ ಅವನು ಇಳಿಯುವುದೇ ಸುಮಾರು ಆರು ಐವತ್ತಕ್ಕೆ. ಅಂದರೆ ಜೂನಿನ ಒಂದು ಭಾನುವಾರ ಬಲ್ಬು ಹತ್ತುವ ಹೊತ್ತಿಗೆ ಗೋಪುರಗಳ ಹಿಂದೆ ಗಾಢ ನೀಲಿ ಇನ್ನೂ ಉಳಿದಿರುತ್ತದೆ, ಕಟ್ಟಡದ ಅಂಚುಗಳು ಆಕಾಶದಿಂದ ಬಿಡಿಸಿಟ್ಟಂತೆ ಕಾಣುತ್ತವೆ. ಮಳೆ ಬಿದ್ದು ನಿಂತಿದ್ದರೆ ಅಂಗಳದ ನೀರಿನಲ್ಲಿ ಇನ್ನೊಂದು ಅರಮನೆ. ಜನವೂ ಕಡಿಮೆ, ಆದ್ದರಿಂದ ನೆತ್ತಿಗಳೂ ಕಡಿಮೆ. ಕ್ಯಾಮೆರಾ ಕತ್ತಲೆ ಕಂಡು ಗಾಬರಿಯಾಗಿ ಬೆಳಕು ಹೆಚ್ಚಿಸಿ ಬಲ್ಬುಗಳನ್ನು ಬಿಳಿ ಮುದ್ದೆ ಮಾಡುತ್ತದೆ. ಬಲ್ಬಿನ ಮೇಲೇ ಬೆರಳಿಟ್ಟು ಬೆಳಕು ಒಂದು ಮೆಟ್ಟಿಲು ಇಳಿಸಬೇಕು. ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ ಬಲ್ಬಿನ ಹೊಂಬಣ್ಣವನ್ನು ಅದು ಬಿಳಿಚಿಸಬಹುದು, ಬಿಸಿಲಿನ ಗುರುತಿಗೆ ಇಟ್ಟರೆ ಚಿನ್ನ ಚಿನ್ನವಾಗಿಯೇ ಇರುತ್ತದೆ. ತೆಗೆದ ಚಿತ್ರ ಸರಿಯಿದೆಯೇ ಎಂದು ಅಲ್ಲೇ ಪರದೆ ನೋಡಿ ತೀರ್ಮಾನಿಸಬೇಡಿ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಪರದೆಯಲ್ಲಿ ಎಲ್ಲವೂ ದೇದೀಪ್ಯಮಾನ, ಬೆಳಿಗ್ಗೆ ಕಾಫಿ ಹೊತ್ತಿಗೆ ಅದೇ ಚಿತ್ರ ಇದ್ದಿಲು. ಚಿತ್ರದ ಬೆಳಕು-ಕತ್ತಲೆಯ ಹಂಚಿಕೆ ತೋರಿಸುವ ಹಿಸ್ಟೊಗ್ರಾಮ್ ಎಂಬ ಗುಡ್ಡದ ನಕ್ಷೆ ಮಾತ್ರ ಸುಳ್ಳು ಹೇಳುವುದಿಲ್ಲ.

ಪರಿಶಿಷ್ಟ

ಎಲ್ಲರಿಗೂ ಬೇಕಾದ ಸಂಗತಿಯನ್ನು ಪರಿಶಿಷ್ಟಕ್ಕೆ ತಳ್ಳುವುದು ಪಾಂಡಿತ್ಯದ ಲಕ್ಷಣವಾದ್ದರಿಂದ ಇದನ್ನು ಇಲ್ಲಿಟ್ಟಿದ್ದೇನೆ. ಪ್ರತಿ ದೀಪದಿಂದಲೂ ಉದ್ದುದ್ದ ಗೀರು ಹೊರಟು ಚಿತ್ರವೆಲ್ಲ ಹೊಗೆ ಕವಿದಂತೆ ಬಂದರೆ ಕಾರಣವನ್ನು ಅಪರ್ಚರಿನಲ್ಲಾಗಲಿ ಐಎಸ್‌ಒದಲ್ಲಾಗಲಿ ಹುಡುಕಬೇಕಾಗಿಲ್ಲ, ಲೆನ್ಸಿನ ಮೇಲೆ ಬೋಂಡದ ಎಣ್ಣೆ ಇದೆ. ಹಗಲಿನಲ್ಲಿ ಅದು ಅಷ್ಟಾಗಿ ಗೊತ್ತಾಗುವುದಿಲ್ಲ, ರಾತ್ರಿ ದೀಪ ಎದುರಾದಾಗ ಬಯಲಾಗುತ್ತದೆ. ಒರೆಸುವ ಬಟ್ಟೆಯ ಬಗ್ಗೆ ಮತಭೇದವಿದೆ. ರೇಷ್ಮೆ ಸೆರಗು ಎಣ್ಣೆಯನ್ನು ಹೀರದೆ ಸಮನಾಗಿ ಹಚ್ಚುತ್ತದೆ. ಶರಟಿನ ತುದಿಯಲ್ಲಿ ಧೂಳಿರುತ್ತದೆ, ಗೀರು ಬೀಳಬಹುದು. ಹಲವು ಸಲ ಒಗೆದು ಮೆತ್ತಗಾದ ಹತ್ತಿಯ ಪಂಚೆಯ ತುಂಡು, ಬಾಯಿಂದ ಹಬೆಯೂದಿ, ಒಳಗಿನಿಂದ ಹೊರಕ್ಕೆ ಸುತ್ತು. ಬೋಂಡ ಆಮೇಲೆ.